ಚರ್ಚಿನ ಗೋಡೆಯ ಮೇಲೆ ಆಯಿಯ ಅವ್ವ

ಬದುಕಿರುವ ಒಬ್ಬ ಮುದುಕಿಯನ್ನು ನಾನು ಸಾಯಿಸಿದ್ದೇನೆ, ವಾಟ್ಸಾಪಿನಲ್ಲಿ. ಸಾಯಿಸಿದ್ದು ಬೆಳಿಗ್ಗೆ ಚಹಾ ಕುಡಿಯುತ್ತ. ಮಧ್ಯಾಹ್ನ ಊಟದ ಹೊತ್ತಿಗೆ ಭಾಲ್ಕಿಯಿಂದ ಆಕೆಯ ಬಳಗದವರು ಒಂದು ಕ್ರೂಸರ್ ಜೀಪಿನ ತುಂಬ ಅಳುತ್ತ ಆಕೆಯ ಮನೆ ಮುಂದೆ ಬಂದಿಳಿದಿದ್ದರು.

ಇದರಲ್ಲಿ ನನ್ನ ತಪ್ಪು ಎಷ್ಟು, ನನ್ನ ಕಸುಬಿನ ತಪ್ಪು ಎಷ್ಟು ಎಂದು ನೀವೇ ಹೇಳಿ. ನಾನು ಬೀದರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಮನುಷ್ಯನ ಇಡೀ ಜೀವನಕ್ಕೆ ಮೂರೇ ನಮೂನೆ. ಹುಟ್ಟುಹಬ್ಬವಾದರೆ ಬೆನ್ನ ಹಿಂದೆ ಸಿಂಹ. ಚುನಾವಣೆ ಗೆದ್ದರೆ ಮೇಲಿನಿಂದ ಬಂಗಾರದ ಬಣ್ಣದ ಮಳೆ. ಸತ್ತರೆ ಫೋಟೋದ ಬಣ್ಣ ತೆಗೆದು, ತಲೆಯ ಹಿಂದೆ ಬೆಳಕು ಹಾಕಿ, ಸುತ್ತಲೂ ಮಲ್ಲಿಗೆ ಬಳ್ಳಿ. ನನ್ನ ಕೈಗೆ ಇದಕ್ಕಿಂತ ಹೆಚ್ಚಿನ ವಿದ್ಯೆ ಬರುತ್ತಿರಲಿಲ್ಲ. ಹಾಗಿರುವಾಗ ಔರಾದ ತಾಲೂಕಿನಲ್ಲಿ, ಚಿಂತಾಕಿಯಿಂದ ಸ್ವಲ್ಪ ಆಚೆ ಇರುವ ಒಂದು ಊರಿನ ಹಳೆಯ ಚರ್ಚಿನ ಬಾಗಿಲಲ್ಲಿ ಕುಳಿತ, ಊರೆಲ್ಲ ‘ಆಯಿ’ ಎಂದು ಕರೆಯುವ ಆ ಮುದುಕಿಯ ಫೋಟೋ ತೆಗೆದುಕೊಂಡು ಬಂದೆ. ಬಣ್ಣ ತೆಗೆದರೆ ಕಲೆಯ ಹಾಗೆ ಕಾಣುತ್ತದೆ ಅನಿಸಿತು, ತೆಗೆದೆ. ಚರ್ಚಿನ ಚಿತ್ರ, ತಲೆಯ ಹಿಂದೆ ಸ್ವಲ್ಪ ಬೆಳಕು ಇರಲಿ ಅನಿಸಿತು, ಹಾಕಿದೆ. ಮಲ್ಲಿಗೆ ಬಳ್ಳಿ ಮಾತ್ರ ನಾನು ಹಾಕಿದ್ದಲ್ಲ, ಕೈ ತಾನಾಗಿಯೇ ಹಾಕಿತು. ‘ಹೇಗಿದೆ, ದಯವಿಟ್ಟು ಹೇಳಿ’ ಎನ್ನುವ ಅರ್ಥದಲ್ಲಿ ಕೆಳಗೆ ಕೈಮುಗಿದ ಗುರುತು ಒತ್ತಿ, ಆ ಊರಿನ ಚರ್ಚಿನ ಗ್ರೂಪಿಗೆ ಕಳಿಸಿಬಿಟ್ಟೆ.

ನಮ್ಮ ಜಿಲ್ಲೆಯಲ್ಲಿ ವಯಸ್ಸಾದವರ ಮುಖದಿಂದ ಬಣ್ಣ ಹೋಗಿ, ಕೆಳಗೆ ಕೈಮುಗಿದ ಗುರುತು ಬಂದರೆ ಮುಂದೆ ಯಾರೂ ಓದುವುದಿಲ್ಲ. ಗಾಡಿ ಹಿಡಿಯುತ್ತಾರೆ.

ಆ ಹೊತ್ತಿಗೆ ತೀರಿಹೋದ ಆಯಿ ಹೊಸ್ತಿಲ ಮೇಲೆ ಕುಳಿತು ತೊಗರಿ ಕೇರುತ್ತಿದ್ದಳು. ಕ್ರೂಸರಿನಿಂದ ಮೊದಲು ಇಳಿದವಳು ಆಕೆಯ ತಂಗಿ. ಎದೆ ಬಡಿದುಕೊಳ್ಳುತ್ತ ಕಣ್ಣು ಮುಚ್ಚಿಕೊಂಡೇ ಬಂದು ಆಯಿಯ ಕೊರಳಿಗೆ ಬಿದ್ದಳು. ಮನೆಗೆ ಯಾರಾದರೂ ಅಳುತ್ತ ಬಂದರೆ ಮೊದಲು ಅವರ ಜೊತೆ ಅತ್ತು, ಆಮೇಲೆ ಸಂಗತಿ ಕೇಳುವುದು ಆ ಕಡೆಯ ರೀತಿ. ಆಯಿಯೂ ಮೊರ ಬದಿಗಿಟ್ಟು ರಾಗ ತೆಗೆದು ಅತ್ತಳು. ಅಕ್ಕತಂಗಿಯರು ಚೆನ್ನಾಗಿ ಅತ್ತ ಮೇಲೆ ಆಯಿ ಮೂಗು ಒರೆಸಿಕೊಂಡು ಕೇಳಿದಳು.

“ಯಾರ್ ಹೋದ್ರ ಯವ್ವಾ?”

“ನೀನೇ ಹೋದಿ ಯಕ್ಕಾ!” ಎಂದಳು ತಂಗಿ. ಆಮೇಲೆ ಕಣ್ಣು ಬಿಟ್ಟಳು.

ತಂದ ಹಾರವನ್ನು ವಾಪಸ್ ಒಯ್ಯುವುದು ಸರಿಯಲ್ಲ ಎಂದು ಯಾರೋ ಅದನ್ನು ಕ್ರೂಸರಿಗೇ ಹಾಕಿದರಂತೆ.

ನಾನು ಆ ಊರಿಗೆ ಹೇಗೆ ಸೇರಿಕೊಂಡೆ ಎನ್ನುವುದನ್ನು ಹೇಳಬೇಕು. ಅಲ್ಲಿಯ ಪಾಸ್ಟರ್ ಸುಗ್ಗಿ ಹಬ್ಬದ ಬ್ಯಾನರ್ ಮಾಡಿಸಲು ನಮ್ಮ ಅಂಗಡಿಗೆ ಬಂದಿದ್ದರು. ಹೊಲದ ಮೊದಲ ಫಸಲನ್ನು ಚರ್ಚಿಗೆ ತಂದು ಒಪ್ಪಿಸುವ ಹಬ್ಬ ಅದು. ಬ್ಯಾನರಿನ ಮಾತು ಮುಗಿದ ಮೇಲೂ ಅವರು ಏಳಲಿಲ್ಲ.

“ನಮ್ಮ ಚರ್ಚ್ ನಿಜಾಮರ ಕಾಲದ್ದರಿ. ಕಟ್ಟಿದವರ ಕತಿ ಹೇಳೋ ಮಂದಿ ಈಗ ಬೆರಳಿನ ಮ್ಯಾಲ ಎಣಿಸೋ ಅಷ್ಟು ಉಳದಾರ. ಬ್ಯಾರೆ ಕಡಿ ಹಳಿ ಚರ್ಚಿನಾಗ ಊರ ಮಂದಿ ಕತಿ ಗೋಡಿ ಮ್ಯಾಲ ಬೆಳಕಿನ ಚಿತ್ರ ಮಾಡಿ ತೋರಸ್ತಾರಂತ, ಮೊಬೈಲ್‌ನಾಗ ನೋಡೀನಿ. ನಮ್ಮಲ್ಲಿ ಆಗ್ತದೇನ್ರಿ?”

“ಡಿಜಿಟಲ್ ಆರ್ಟ್ ಅಲ್ಲೇನ್ರಿ?” ಎಂದೆ. “ನಂದು ಲೈನ್ ಅದೇ ನೋಡ್ರಿ.”

ನನ್ನ ಹಿಂದೆ ಕುಳಿತಿದ್ದ ಮಾಲಕರಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ನನ್ನ ಲೈನ್ ಏನೆಂದು ಅವರಿಗೆ ಗೊತ್ತಿತ್ತು. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡುವುದು, ಬೋಳು ತಲೆಗೆ ಕೂದಲು ಹಚ್ಚುವುದು, ಜಗಳಾಡಿದ ಅಣ್ಣತಮ್ಮಂದಿರನ್ನು ಒಂದೇ ಫ್ಲೆಕ್ಸಿನಲ್ಲಿ ಅಕ್ಕಪಕ್ಕ ನಿಲ್ಲಿಸುವುದು.

ಆ ಚರ್ಚನ್ನು ಮೊದಲ ಸಲ ನೋಡಿದಾಗ, ಅದರೊಳಗೆ ತೋರಿಸಲು ನಾನು ಏನು ತಂದರೂ ಕಡಿಮೆಯೇ ಅನಿಸಿತ್ತು. ಕರಿಕಲ್ಲಿನ ದಪ್ಪ ಗೋಡೆ, ಮೇಲೆ ತಗಡು. ಒಂದು ಕಲ್ಲಿನಂತೆ ಇನ್ನೊಂದಿಲ್ಲ. ಕೆಲವು ಕುಂಬಳಕಾಯಿಯಷ್ಟು ದುಂಡು, ಕೆಲವು ಪೆಟ್ಟಿಗೆಯಂತೆ ಚೌಕ. ಒಳಗೆ ಬೆಂಚಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಜಮಖಾನದ ಮೇಲೆ ಒಂದು ಬದಿ ಗಂಡಸರು, ಒಂದು ಬದಿ ಹೆಂಗಸರು. ಹಾರ್ಮೋನಿಯಂ, ಡೋಲಕ್, ತಾಳ. ಕನ್ನಡದಲ್ಲಿ ಶುರುವಾದ ಭಜನೆ ಎರಡನೇ ನುಡಿಗೆ ಮರಾಠಿಗೆ ಹೊರಳಿ, ಯಾರಿಗೂ ಗೊತ್ತಾಗದಂತೆ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ನಾನು ಆ ಧರ್ಮದವನಲ್ಲ, ಭಾಲ್ಕಿಯ ಬೌದ್ಧರ ಮನೆಯ ಹುಡುಗ. ಆದರೂ ತಾಳ ಕೊಟ್ಟು ಕೂರಿಸಿಬಿಟ್ಟರು. ನಾನು ಬಾರಿಸಿದ ತಾಳಕ್ಕೆ ಡೋಲಕ್ಕಿನವನು ದಾರಿ ತಪ್ಪಿದ. ಮುಂದಿನ ಭಾನುವಾರದಿಂದ ನನ್ನ ಕೈಗೆ ತಾಳದ ಬದಲು ಚಹಾದ ಕಪ್ಪು ಬಂತು.

ಆರಾಧನೆ ಮುಗಿದ ಮೇಲೆ ಹಿರಿಯರನ್ನೆಲ್ಲ ಕೂರಿಸಿ ಅವರ ಮಾತು ರೆಕಾರ್ಡ್ ಮಾಡುತ್ತಿದ್ದೆ. ಗಾರೆ ಕೆಲಸದವರು ಬೀದರಿನಿಂದ ಬಂದಿದ್ದರಂತೆ. ಅವರಿಗೆ ಊಟ ಹಾಕಲು ಊರಲ್ಲಿ ದವಸವಿಲ್ಲ. ಅದಕ್ಕೆ ಪ್ರತಿ ಮನೆಯ ಹೆಂಗಸು ಜೋಳ ಬೀಸಲು ಕೂರುವ ಮುಂಚೆ ಒಂದು ಹಿಡಿ ಜೋಳ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದಳಂತೆ. ಮನೆಯವರು ಒಂದೊಂದು ತುತ್ತು ಕಡಿಮೆ ಉಂಡದ್ದೇ ಗೋಡೆಯಾಗಿ ಎದ್ದಿತು. ಹಗಲೆಲ್ಲ ಬೇರೆಯವರ ಹೊಲದಲ್ಲಿ ದುಡಿದು, ಸಂಜೆ ಹಳ್ಳದಿಂದ ಕಲ್ಲು ಹೊತ್ತು ತಂದವರೂ ಅವರೇ. ಕೇಳುತ್ತ ಕೂತ ನನಗೆ, ನನ್ನ ಫ್ಲೆಕ್ಸುಗಳಲ್ಲಿ ಕೈ ಬೀಸುತ್ತ ನಿಂತವರಾರೂ ಇಂಥದ್ದೊಂದನ್ನು ಮಾಡಿದ್ದು ನೆನಪಾಗಲಿಲ್ಲ.

ಆ ಕಲ್ಲು ಹೊತ್ತವರ ಕಥೆ ಪೂರ್ತಿ ಗೊತ್ತಿದ್ದವಳು ಆಯಿ. ಆಕೆಯ ಅವ್ವ ಆ ಹೆಂಗಸರಲ್ಲಿ ಒಬ್ಬಳು. ಇನ್ನು ಹೇಳಿಸಿಕೊಳ್ಳಬೇಕು ಎನ್ನುವಷ್ಟರಲ್ಲಿ ನಾನು ಆಯಿಯನ್ನು ಸಾಯಿಸಿದ್ದೆ.

ಮರುದಿನ ಒಂದು ಡಬ್ಬಿ ಪೇಡೆ ಹಿಡಿದು ಹೋದೆ. ಆಯಿ ಡಬ್ಬಿ ನೋಡಿದಳು, ನನ್ನ ನೋಡಿದಳು.

“ನನ್ನ ದಿನಕ್ಕ ಸಿಹಿ ತಂದೀಯೇನೋ, ಖೋಡಿ?”

“ತಪ್ಪಾತ್ರಿ ಆಯಿ.”

“ನಂಗ್ಯಾಕ ಹೇಳ್ತಿ? ಸತ್ತಾಕಿಗಿ ಕೇಳಸ್ತದೇನು?”

ಭಾಲ್ಕಿಯ ದವಾಖಾನೆಯೊಂದರಲ್ಲಿ ನರ್ಸ್ ಆಗಿರುವ ಆಕೆಯ ಮೊಮ್ಮಗಳು ಆ ದಿನ ಊರಲ್ಲಿದ್ದಳು. “ಆಯಿ, ಸಾಕು ಬಿಡು, ಅಂವ ಅಳೋ ಹಂಗ ಕಾಣ್ಲತ್ತಾನ” ಎಂದಳು.

“ಅಳ್ಲಿ. ಭಾಲ್ಕಿಯವರೆಲ್ಲ ಅತ್ತಾರ, ಇವನೊಬ್ಬ ಉಳದಾನ.” ಆಮೇಲೆ ಆಯಿ ಡಬ್ಬಿ ತೆಗೆದು ಒಂದು ಪೇಡೆ ಬಾಯಿಗೆ ಹಾಕಿಕೊಂಡು, ನನ್ನ ಕಡೆ ಬೆರಳು ಚಾಚಿದಳು. “ಕೇಳಿಲ್ಲಿ. ಬದಕಿದಾಕಿನ್ನ ಸಾಯಿಸ್ಲಾಕ ಬರ್ತದ ನಿನಗ. ಸತ್ತಾಕಿನ್ನ ನಡಸ್ಲಾಕ ಬರ್ತದೇನು? ನಮ್ಮ ಅವ್ವ ಕಲ್ಲ ಹೊತ್ತಳು. ಗ್ವಾಡಿ ಎದಿ ಮಟ್ಟ ಬರೋದ್ರೊಳಗ ಜ್ವರ ಬಂದು ಹೋದಳು. ಮ್ಯಾಲ ತಗಡ ಬಿದ್ದಿದ್ದು ನೋಡಿಲ್ಲ, ಒಳಗ ಬಂದು ಕುಂತಿಲ್ಲ. ಒಮ್ಮಿ ಒಳಗ ಬರ್ಲಿ. ನಾ ನೋಡ್ತೇನಿ.”

ನಾನು ‘ಹೂಂ’ ಅಂದೆ. ನನಗೆ ‘ಇಲ್ಲ’ ಅನ್ನಲು ಬರುವುದಿಲ್ಲ, ಅದು ನನ್ನ ಹುಟ್ಟುಗುಣ. ಹೊರಗೆ ಬಂದಾಗ ಮೊಮ್ಮಗಳು ಹಿಂದೆಯೇ ಬಂದಳು.

“ಆಕಿ ಒಂದು ಕಣ್ಣು ಪೂರಾ ಹೋಗ್ಯಾದ. ಇನ್ನೊಂದೂ ಹೊಂಟದ. ಹನಿ ಹಾಕ್ತೀವಿ, ಅದು ಹೋಗೋದು ತಡಾ ಆಗ್ತದ ಅಷ್ಟೇ, ಹೋಗಿದ್ದು ತಿರುಗಿ ಬರಂಗಿಲ್ಲ ಅಂದಾರ ಡಾಕ್ಟರ್. ಮುಂದಿನ ಸುಗ್ಗಿ ಹಬ್ಬಕ್ಕ ಮಾಡ್ತೇನಿ ಅನಬ್ಯಾಡ. ಮಾಡೋದಿದ್ರ ಈ ಹಬ್ಬಕ್ಕೇ ಮಾಡು.”

ಅವ್ವನ ಒಂದೂ ಫೋಟೋ ಇರಲಿಲ್ಲ. ಮೊದಲು ಎಐಗೆ ಕೇಳಿದೆ. ‘ಕಲ್ಲು ಹೊತ್ತ ಹಳ್ಳಿಯ ಹೆಂಗಸು’ ಎಂದು ಬರೆದೆ. ರಾಜಸ್ಥಾನದ ಲಂಗ ತೊಟ್ಟ, ತಾಮ್ರದ ಕೊಡ ಹೊತ್ತ, ಒಂದೇ ಕೈಯಲ್ಲಿ ಆರು ಬೆರಳಿದ್ದ ಹುಡುಗಿ ಬಂದಳು. ಸಿಟ್ಟು ಬಂದು, ಟ್ಯಾಬಿನಲ್ಲಿ ನಾನೇ ಚಿತ್ರ ಬರೆದೆ. ಆಯಿ ಟ್ಯಾಬನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಇದ್ದ ಅರ್ಧ ಕಣ್ಣಲ್ಲಿ ನೋಡಿದಳು.

“ಇಕಿ ಸಿನಿಮಾದಾಕಿ. ಕಲ್ಲಲ್ಲ, ಇಕಿ ಛತ್ರಿ ಸೈತ ತಾ ಹಿಡಿಯಂಗಿಲ್ಲ.”

ಮೈಬಣ್ಣ ಕಪ್ಪು ಮಾಡಿ, ಸುಕ್ಕು ಹಾಕಿ ಮತ್ತೆ ಒಯ್ದೆ. “ಇಕಿ ಅರಿಷಿಣ ಪುಡಿ ಪಾಕೀಟಿನ ಮ್ಯಾಲ ಇರ್ತಾಳಲ್ಲ?” ಎಂದಳು. ಖರೆಯೇ, ಆ ಪಾಕೀಟನ್ನು ಡಿಸೈನ್ ಮಾಡಿದ್ದೂ ನಾನೇ. ಮೂರನೆಯದನ್ನು ಆಯಿಗಿಂತ ಮೊದಲು ಮಾಲಕರು ನೋಡಿ, “ನನ್ನ ಹೆಂಡತಿ ಫೋಟೋ ನಿನ್ನ ಹತ್ರ ಯಾಕ ಅದ?” ಎಂದು ಕೇಳಿದರು. ಅದನ್ನು ಅಳಿಸಿದೆ.

ಹಬ್ಬ ಹತ್ತಿರ ಬಂತು. ಒಂದು ಮಧ್ಯಾಹ್ನ ಆಯಿಯ ಎದುರು ಕುಳಿತು ಒಂದೊಂದೇ ಕೇಳತೊಡಗಿದೆ.

“ಆಯಿ, ಮೂಗು ಹ್ಯಾಂಗಿತ್ರಿ?”

“ಉದ್ದಿತ್ತು.”

“ಹೋದ ವಾರ ದುಂಡಗಿತ್ತು ಅಂದಿದ್ರಿ. ಒಂದೇ ವಾರದಾಗ ನಿಮ್ಮ ಅವ್ವನ ಮೂಗು ಬೆಳದದಲ್ರಿ!” ಎಂದು ನಕ್ಕೆ.

ಆಯಿ ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಮೊರದ ಅಂಚನ್ನು ಸವರಿದಳು.

“ನಂಗ ಅಕಿ ಮಾರಿ ನೆನಪಿಲ್ಲ ತಮ್ಮಾ” ಎಂದಳು. “ಭಾಳ ಸಣ್ಣಾಕಿ ಇದ್ದೆ. ನೆನಪದ ಅಂತ ಇಷ್ಟು ದಿನ ಎಲ್ಲರಿಗೂ ಹೇಳ್ಕೊಂಡು ಬಂದೀನಿ. ನನ್ನ ಮಕ್ಕಳಿಗೂ ಹೇಳೀನಿ. ಇಲ್ಲ, ನೆನಪಿಲ್ಲ.”

ನನ್ನ ಒಂದು ಹಾಳು ಜೋಕು, ಅವ್ವನ ಮುಖದ ಬಗ್ಗೆ ಆಕೆ ಜೀವನವಿಡೀ ಮುಚ್ಚಿಟ್ಟುಕೊಂಡದ್ದನ್ನು ಹೊರಗೆ ಎಳೆದು ಹಾಕಿತ್ತು. ಎದ್ದು ಹೋಗಿಬಿಡೋಣ ಅನಿಸಿತು. ಕಾಲು ಜೋಮು ಹಿಡಿದಿತ್ತು, ಏಳಲು ಆಗಲಿಲ್ಲ. ಒಳ್ಳೆಯದೇ ಆಯಿತು, ಯಾಕೆಂದರೆ ಆಯಿ ಮತ್ತೆ ಮಾತಾಡಿದಳು.

“ಕಣ್ಣ ಮುಚ್ಚಿದ್ರ ಅಕಿ ಬೆನ್ನ ಕಾಣ್ತದ. ಹಳ್ಳದಿಂದ ಬರೋವಾಗ ಅಕಿ ಮುಂದ, ನಾ ಹಿಂದ. ಕಚ್ಚಿ ಸೀರಿ. ಹಿಂಬಡ ಒಡದು, ಸಂದಿನಾಗ ಕರಿ ಮಣ್ಣು. ತಲಿ ಮ್ಯಾಲ ಸಿಂಬಿ, ಅದರ ಮ್ಯಾಲ ಬುಟ್ಟಿ, ಬುಟ್ಟ್ಯಾಗ ಕಲ್ಲು. ಎಡಗಾಲು ಜರಾ ಹೊರಗ ಒಗದು ನಡೀತಿದ್ದಳು. ಒಂದು ಕೈ ಬುಟ್ಟಿಗಿ, ಇನ್ನೊಂದು ಕೈ ಹಿಂಗ ಬೀಸ್ತಿದ್ದಳು.” ಆಯಿ ಕುಳಿತಲ್ಲೇ ಕೈ ಬೀಸಿ ತೋರಿಸಿದಳು.

“ಹಂಗಿದ್ರ ಬೆನ್ನೇ ಬರೀತೇನಿ ಆಯಿ” ಎಂದೆ.

“ಮಾರಿ ಇಲ್ಲದ ಚಿತ್ರ ಯಾರ್ ನೋಡ್ತಾರೋ?”

“ನೀವು ನೋಡ್ತೀರಲ್ಲ.”

ಆಮೇಲೆ ಶುರುವಾಯಿತು ನನ್ನ ನಿಜವಾದ ಫಜೀತಿ. ಭಾರ ಹೊತ್ತವರು ಹೇಗೆ ನಡೆಯುತ್ತಾರೆ ಎಂದು ತಿಳಿಯಲು ನಾನೇ ಬುಟ್ಟಿ ಹೊತ್ತೆ. ಒಂದೇ ಕಲ್ಲು ಇಟ್ಟಿದ್ದೆ, ಅದೂ ಸಣ್ಣದು. ನಾಲ್ಕು ಹೆಜ್ಜೆಗೆ ಅದು ನನ್ನ ಹೆಬ್ಬೆರಳ ಮೇಲೆ ಇಳಿದು, ಇಡೀ ಓಣಿ ಬಂದು ನೋಡಿಕೊಂಡು ಹೋಯಿತು. ಮೊಮ್ಮಗಳು ಹೆಬ್ಬೆರಳಿಗೆ ಪಟ್ಟಿ ಕಟ್ಟಿ, ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ತಾನೇ ಬುಟ್ಟಿ ಹೊತ್ತು ಚರ್ಚಿನ ಸುತ್ತ ನಡೆದಳು. ನಾನು ಕುಂಟುತ್ತ ಹಿಂದಿನಿಂದ ವೀಡಿಯೋ ತೆಗೆದೆ. ಆಯಿ ಕಟ್ಟೆಯ ಮೇಲೆ ಕುಳಿತು, “ಎಡಗಾಲು ಹೊರಗ, ಇನ್ನೂ ಹೊರಗ, ಹಾಂ” ಎಂದು ಕೂಗುತ್ತಿದ್ದಳು. ಆ ನಡಿಗೆಯ ಮೇಲೆ ಗೆರೆ ಎಳೆದೆಳೆದು, ಒಂದೊಂದೇ ಚಿತ್ರ ಬರೆದೆ. ಅಂಗಡಿಯಲ್ಲಿ ಮುಖಂಡರ ಹುಟ್ಟುಹಬ್ಬದ ಸಿಂಹಗಳು ಸಾಲಾಗಿ ಕಾಯುತ್ತಿದ್ದವು. ಮಾಲಕರು ಬಂದು ಪರದೆ ನೋಡಿ ಬೈಯಲು ಬಾಯಿ ತೆರೆದರು. ಪರದೆಯ ಮೇಲೆ ಆಯಿಯ ಅವ್ವ ನಡೆಯುವುದನ್ನು ಎರಡು ಸಲ ನೋಡಿ, ಸಿಂಹದ ಕೆಲಸಕ್ಕೆ ತಾವೇ ಕುಳಿತರು.

ಪಾಸ್ಟರ್ ಒಂದೇ ಮಾತು ಹೇಳಿದ್ದರು. “ಶಿಲುಬಿ ಇದ್ದ ಗೋಡಿ ಬ್ಯಾಡ, ಬಾಜೂ ಗೋಡಿ ಮ್ಯಾಲ ಏನಾರೆ ಮಾಡ್ರಿ.” ಆ ಬದಿಯ ಗೋಡೆಗೆ ಒಳಗಿನಿಂದ ನೀಲಿ ಎಣ್ಣೆಬಣ್ಣ ಬಳಿದಿದ್ದರು, ಬೆಳಕು ಬಿದ್ದರೆ ಮಿರಮಿರ ಮಿಂಚುತ್ತಿತ್ತು. ಊರವರು ಒಂದು ದಿನ ಕೂಡಿ ಆ ಬಣ್ಣ ಉಜ್ಜಿ ತೆಗೆದರು. ಕೆಳಗೆ ಅದೇ ಕರಿಕಲ್ಲುಗಳು. ಚಿತ್ರ ಕಾಣಲೆಂದು, ಕಲ್ಲಿನ ಆಕಾರ ಮುಚ್ಚದಂತೆ ಅವಕ್ಕೆ ತೆಳುವಾಗಿ ಸುಣ್ಣ ಹೊಡೆದರು.

ಹಬ್ಬದ ದಿನ ಚರ್ಚು ಕಣದಂತೆ ತುಂಬಿತ್ತು. ಬಾಗಿಲಿಗೆ ಜೋಳದ ದಂಟಿನ ಕಮಾನು. ಮುಂದೆ ತೊಗರಿ, ಕಡಲೆ, ಬದನೆ, ಕಾಲು ಕಟ್ಟಿದ ಹುಂಜ. ಪ್ರಾರ್ಥನೆಯ ನಂತರ ಅವುಗಳ ಹರಾಜು. ಆ ಹೊತ್ತಿಗೆ ನಾನು ಹಿಂದೆ ಪ್ರೊಜೆಕ್ಟರ್ ಹೂಡಿ, ಬೆಳಕು ಬಾರದಂತೆ ಕಿಟಕಿಗೆ ಸೋಯಾ ರಾಶಿಗೆ ಹೊದಿಸುವ ತಾಡಪತ್ರಿ ಕಟ್ಟಿಸುತ್ತಿದ್ದೆ. “ಇನ್ನೂ ಮ್ಯಾಲ, ಇನ್ನೂ ಮ್ಯಾಲ” ಎಂದು ತಾಡಪತ್ರಿಯವರಿಗೆ ಕೈ ಎತ್ತಿ ಎತ್ತಿ ತೋರಿಸಿದೆ. ಹರಾಜು ಕೂಗುವವರು ಅದನ್ನು ನೋಡಿ, “ಬೀದರದವರು ಬಿಡವಲ್ಲರು ನೋಡ್ರಿ!” ಎಂದು ನನ್ನ ಹೆಸರಿಗೇ ಏರಿಸುತ್ತ ಹೋದರು. ಜನ ಚಪ್ಪಾಳೆ ತಟ್ಟಿದಾಗ ತಿರುಗಿ ನೋಡಿದರೆ, ಎರಡೂ ತೋಳಿನಿಂದ ತಬ್ಬಲಾಗದಂಥ ಒಂದು ಕುಂಬಳಕಾಯಿ ನನ್ನದಾಗಿತ್ತು.

ಕೊನೆಗೆ ಬಾಗಿಲು ಮುಚ್ಚಿದರು. ಹಾಡುಹಗಲೇ ಒಳಗೆ ಕತ್ತಲಾಯಿತು. ಸರಿಯಾಗಿ ಕಾಣಲೆಂದು ಆಯಿಗೆ ಗೋಡೆಯ ಪಕ್ಕದಲ್ಲೇ ಚಾಪೆ ಹಾಸಿದ್ದರು. ನಾನು ರೆಕಾರ್ಡ್ ಮಾಡಿದ್ದ ಹಿರಿಯರ ದನಿಗಳು ಒಂದೊಂದಾಗಿ ಕೇಳಿಸಿದವು. ಹಿಡಿ ಜೋಳದ ಮಾತು ಬಂದಾಗ ಗೋಡೆಯ ಮೇಲೆ ಕೈಗಳು ಮೂಡಿ ಗಡಿಗೆಗೆ ಕಾಳು ಸುರಿದವು. ಹೆಂಗಸರ ಬದಿಯಲ್ಲಿ “ನಮ್ಮ ಅತ್ತಿ ಹಿಂಗೇ ಹಾಕ್ತಿದ್ದರು” ಎಂದು ಗುಸುಗುಸು ಎದ್ದಿತು.

ಆಮೇಲೆ ಆಕೆ ಬಂದಳು. ಬಾಗಿಲ ಕಡೆಯಿಂದ, ಆಳೆತ್ತರಕ್ಕೆ, ಬುಟ್ಟಿ ಹೊತ್ತು, ನಮಗೆ ಬೆನ್ನು ಮಾಡಿ. ಎಡಗಾಲು ತುಸು ಹೊರಗೆ. ನಡೆದು ಹೋಗಿ, ಬಾಗಿ ಒಂದು ಕಲ್ಲು ಇಟ್ಟಳು. ಅವಳು ಇಟ್ಟ ಕಲ್ಲು ಗೋಡೆಯಲ್ಲಿದ್ದ ನಿಜವಾದ ಕಲ್ಲಿನ ಮೇಲೆ ಕುಳಿತುಕೊಂಡಿತು. ಮತ್ತೆ ಬಾಗಿಲಿನಿಂದ ಬಂದಳು, ಮತ್ತೊಂದು ಕಲ್ಲು. ಗೋಡೆ ಎದೆಯ ಮಟ್ಟ ದಾಟಿತು. ಆಕೆ ಬರುತ್ತಲೇ ಇದ್ದಳು. ತಗಡು ಮುಟ್ಟುವವರೆಗೂ ಬಂದಳು.

ಆಗ ಆಯಿ ಎದ್ದಳು. ಗೋಡೆಗೆ ಕೈ ಆನಿಸಿ ಅವ್ವನ ಹಿಂದೆ ನಡೆಯತೊಡಗಿದಳು. ನನ್ನ ತಲೆಯೊಳಗಿನ ಡಿಸೈನರ್ ಎಂಥ ಕತ್ತೆ ಎನ್ನುವುದು ನಿಮಗೆ ಈಗ ಗೊತ್ತಾಗುತ್ತದೆ. “ಆಯಿ, ಬೆಳಕಿನಾಗ ಬರಬ್ಯಾಡ್ರಿ, ನೆರಳ ಬೀಳ್ತದ!” ಎಂದು ಇಡೀ ಚರ್ಚಿಗೆ ಕೇಳುವಂತೆ ಕೂಗಿದೆ. ಪಾಸ್ಟರ್ ನನ್ನ ಬಾಯಿಯ ಮೇಲೆ ಕೈಯಿಟ್ಟರು.

ನೆರಳು ಬಿತ್ತು. ಬುಟ್ಟಿ ಹೊತ್ತವಳ ಹಿಂದೆ, ಬಾಗಿದ ಬೆನ್ನಿನ ಒಂದು ಪುಟ್ಟ ನೆರಳು, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೋಯಿತು. “ಯವ್ವಾ” ಎಂದು ಆಯಿ ಕರೆದಳು. ಹಾರ್ಮೋನಿಯಂ ಬಾರಿಸುವವರು ಬಾರಿಸಬೇಕಾದದ್ದನ್ನು ಮರೆತರು. ನಾನು ಕೂಗಿ ತಡೆಯಲು ಹೋದದ್ದೇ ಆ ದಿನದ ಅತಿ ಒಳ್ಳೆಯ ಚಿತ್ರವಾಗಿತ್ತು, ಮತ್ತು ಅದನ್ನು ನಾನು ಬರೆದಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಬಯಲಲ್ಲಿ ಊಟಕ್ಕೆ ಕುಳಿತಿದ್ದಾಗ ಆಯಿಯ ಹತ್ತಿರ ಹೋಗಿ ಕೂತೆ. ಆಕೆ ರೊಟ್ಟಿ ಮುರಿಯುತ್ತಿದ್ದಳು.

“ಆಯಿ, ಮಾರಿ ತೋರಿಸ್ಲಾಕ ಆಗಲಿಲ್ಲ ನೋಡ್ರಿ” ಎಂದೆ.

ಆಯಿ ಬಾಯಲ್ಲಿದ್ದ ತುತ್ತು ಮುಗಿಸಿದಳು.

“ತೋರಿಸಿದ್ರ ನಾ ನಂಬತಿದ್ದಿಲ್ಲೋ ತಮ್ಮಾ” ಎಂದಳು. “ತಲಿ ಮ್ಯಾಲ ಕಲ್ಲ ಇದ್ದಾಗ ತಿರುಗಿದ್ರ ಬುಟ್ಟಿ ಬೀಳ್ತದಲ್ಲ? ಹಿಂದಿಂದ ನಾ ಎಷ್ಟ ಒದರಿದ್ರೂ ಅಕಿ ತಿರುಗತಿದ್ದಿಲ್ಲ. ‘ಬಾ, ಬಾ, ನಿನ್ನ ಕಾಲ ಸಪ್ಪಳ ಕೇಳ್ಲತ್ತದ’ ಅಂತ ನಡಕೋತನೇ ಅಂತಿದ್ದಳು. ಇವತ್ತ ಒದರಿದೆ, ಇವತ್ತೂ ತಿರುಗಲಿಲ್ಲ. ಅಕಿನೇ ಖರೆ.”